ಡಂಗುರದಿಂದ ಸ್ಟೇಟಸ್ಸಿನ ತನಕ

ಬಹಳ ದಿನವಾಯಿತು, ಇಲ್ಲಿ ಏನೂ ಬರೆದಿರಲಿಲ್ಲ. ಸೋಮಾರಿತನ ಅನ್ನಿ, ಕೆಲಸದ ಒತ್ತಡ ಅನ್ನಿ. ಮೊನ್ನೆ ಕಕ್ಕೇರಾಕ್ಕೆ ಹೋಗಿ ಬಂದ ಮೇಲೆ ಬರೆಯಲೇಬೇಕು ಅನ್ನಿಸಿತು. ಸ್ವಲ್ಪ ಉದ್ದವಾಗುತ್ತದೆ, ಚಹಾ ಪಕ್ಕದಲ್ಲಿಟ್ಟುಕೊಂಡು ಓದಿ.

ಕಕ್ಕೇರಾ ಎಲ್ಲಿದೆ ಅಂತ ದಕ್ಷಿಣದ ಗೆಳೆಯರು ಕೇಳುವುದು ಸಹಜ. ಸುರಪುರ ಸೀಮೆಯ ಊರು. ಯಾದಗಿರಿ ಜಿಲ್ಲೆ ಅನ್ನುವುದು ಇತ್ತೀಚಿನ ಮಾತು, 2009ರ ಕೊನೆಯವರೆಗೂ ಇದೆಲ್ಲ ಗುಲಬರ್ಗಾ ಜಿಲ್ಲೆಯೇ. ಊರಿಗೆ ಸೋಮನಾಥ ದೇವರು, ಅವನ ಜಾತ್ರೆ. ಕೃಷ್ಣೆ ದೂರವಿಲ್ಲ, ಮೌನೇಶ್ವರನ ತಿಂಥಣಿಯೂ ದೂರವಿಲ್ಲ. ಈಗ ಕಕ್ಕೇರಾಕ್ಕೆ ಪುರಸಭೆಯೂ ಬಂದಿದೆ, ಆದರೆ ಬಸ್ಸಿಳಿದರೆ ಇನ್ನೂ ಹಳ್ಳಿಯೇ.

ನನ್ನ ಗೆಳೆಯನ ಮನೆಯ ಪಕ್ಕದಲ್ಲಿ ಬಳೆ ಮಾರುವ ಹೆಂಗಸೊಬ್ಬಳಿದ್ದಾಳೆ. ನಾವು ಕಟ್ಟೆ ಮೇಲೆ ಕೂತಿದ್ದಾಗ ಆಕೆ ಹೊಸ ಬಳೆಗಳನ್ನು ಕೆಂಪು ಬಟ್ಟೆಯ ಮೇಲೆ ಹರಡಿ ಫೋಟೋ ತೆಗೆಯುತ್ತಿದ್ದಳು. ಯಾಕೆ ಅಂದೆ. "ಸ್ಟೇಟಸ್ಸಿಗ್ ಹಾಕ್ತೀನ್ರಿ" ಅಂದಳು. ಬೆಂಗಳೂರಿಗೆ ಗುಳೆ ಹೋದ ಇದೇ ಊರಿನ ಹೆಣ್ಣುಮಕ್ಕಳು ನೋಡಿ, ಧ್ವನಿಯಲ್ಲೇ ಆರ್ಡರ್ ಹೇಳುತ್ತಾರಂತೆ. ಊರಿಂದ ಹೋಗುವ ಯಾರದೋ ಕೈಯಲ್ಲಿ ಬಳೆ ಕಳಿಸುತ್ತಾಳಂತೆ. ಓದು ಬರಹ ಬರುತ್ತದಾ ಅಂತ ಕೇಳಿದೆ. ನಕ್ಕಳು. "ಓದಾಕ ಬರಬೇಕಂತ ಎಲ್ಲದರಿ? ಫೋಟೋ ಕಾಣ್ತದ, ಮಾತು ಕೇಳ್ತದ, ಸಾಕಲ್ಲ."

ಆಕೆಯ ಅತ್ತೆ ಹೆಗಲ ಮೇಲೆ ಬಳೆ ಮಲಾರ ಹಾಕಿಕೊಂಡು ಹಳ್ಳಿ ಹಳ್ಳಿ ತಿರುಗುತ್ತಿದ್ದವಳು. ಈಕೆ ಕಟ್ಟೆ ಮೇಲೆ ಕೂತು ಬೆಂಗಳೂರಿನ ಯಲಹಂಕಕ್ಕೆ ಬಳೆ ಮಾರುತ್ತಾಳೆ. ಒಂದೇ ತಲೆಮಾರಿನ ವ್ಯತ್ಯಾಸ! ಬಸ್ಸಿನಲ್ಲಿ ವಾಪಸು ಬರುವಾಗ ಇದೇ ತಲೆಯಲ್ಲಿ ಕೊರೆಯತೊಡಗಿತು. ನಮ್ಮ ಸೀಮೆಯ ಸಣ್ಣ ವ್ಯಾಪಾರಿ "ನನ್ನ ಹತ್ತಿರ ಇಂಥ ಮಾಲಿದೆ" ಅನ್ನುವ ಮಾತನ್ನು ಇಷ್ಟು ಕಾಲ ಹೇಗೆ ಊರಿಗೆ ತಿಳಿಸುತ್ತಿದ್ದ? ಆ ದಾರಿ ಯಾರ ಕೈಯಲ್ಲಿತ್ತು? ಹಳೆಯ ಪುಸ್ತಕಗಳನ್ನು ಒಂದಿಷ್ಟು ತಿರುವಿದೆ. ನನಗೆ ಸಿಕ್ಕಿದ್ದು ಇಷ್ಟು.

ಐನೂರು ಮಂದಿಯ ಗುಂಪು

ವಾಟ್ಸಾಪ್ ಗುಂಪಿನ ಅಡ್ಮಿನ್ನುಗಳ ಪೂರ್ವಜರನ್ನು ಹುಡುಕಬೇಕೆಂದರೆ ಕೃಷ್ಣೆಯ ಮೇಲ್ಭಾಗಕ್ಕೆ ಹೋಗಬೇಕು. ಕಕ್ಕೇರಾದ ಕಡೆಯಿಂದ ಹೊಳೆಗುಂಟ ಮೇಲೆ ಹೋದರೆ ನಾರಾಯಣಪುರ, ಆಮೇಲೆ ಕೂಡಲಸಂಗಮ. ಅಲ್ಲಿ ಸೇರುವ ಮಲಪ್ರಭೆಯನ್ನು ಹಿಡಿದು ಮೇಲೆ ಹೋದರೆ ಐಹೊಳೆ. ಅಯ್ಯಾವೊಳೆಯ ಐನೂರ್ವರು ಎಂಬ ವರ್ತಕ ಸಂಘ ಹುಟ್ಟಿದ್ದು ಈ ಊರಿನ ಹೆಸರಿನಲ್ಲಿ. ನಾವು ಶಾಲೆಯಲ್ಲಿ ಐಹೊಳೆ ಎಂದರೆ ಗುಡಿ, ಪುಲಕೇಶಿ, ರವಿಕೀರ್ತಿ ಅಂತಷ್ಟೇ ಓದಿದ್ದು. ಈ ವ್ಯಾಪಾರಿಗಳ ಕಥೆ ಅದಕ್ಕಿಂತ ಸಣ್ಣದೇನಲ್ಲ.

ಇವರ ಶಾಸನಗಳು ದಕ್ಷಿಣ ಭಾರತದ ತುಂಬ ಸಿಗುತ್ತವೆ, ಶ್ರೀಲಂಕೆಯಲ್ಲಿ ಸಿಗುತ್ತವೆ. ಸುಮಾತ್ರಾ ದ್ವೀಪದ ಬರೂಸ್ ಬಳಿ 1088ರ ಒಂದು ತಮಿಳು ಶಾಸನದಲ್ಲೂ ಈ ಐನೂರ್ವರ ಹೆಸರಿದೆ. ಕರ್ಪೂರಕ್ಕೆ ಹೆಸರಾದ ರೇವು ಅದು. ಶಿಕಾರಿಪುರದ ಕಡೆಯ ಹನ್ನೊಂದನೇ ಶತಮಾನದ ಶಾಸನವೊಂದು ಇವರು ಮಾರುತ್ತಿದ್ದ ಸರಕುಗಳ ಪಟ್ಟಿಯನ್ನೇ ಕೊಡುತ್ತದೆ. ಆನೆ, ಕುದುರೆ, ರತ್ನ, ಮುತ್ತು, ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿ, ಕೇಸರಿ... ಕಲ್ಲಿನ ಮೇಲಿನ ಕ್ಯಾಟಲಾಗು!

ನನಗೆ ಕುತೂಹಲ ಹುಟ್ಟಿಸಿದ್ದು ಆ ಪ್ರಶಸ್ತಿಗಳ ಉದ್ದ. ತಾವು ಯಾರು, ತಮ್ಮ ಧರ್ಮವೇನು, ಎಲ್ಲೆಲ್ಲಿ ತಿರುಗುತ್ತೇವೆ, ಕೊಟ್ಟ ಮಾತಿಗೆ ಹೇಗೆ ನಿಲ್ಲುತ್ತೇವೆ ಎಂದು ಸಾಲು ಸಾಲಾಗಿ ಹೊಗಳಿಕೊಂಡಿದ್ದಾರೆ. ಮೊದಲು ಜಂಬ ಅನ್ನಿಸುತ್ತದೆ. ಸ್ವಲ್ಪ ಯೋಚಿಸಿದರೆ ವ್ಯಾಪಾರದ ಅಗತ್ಯ ಅರ್ಥವಾಗುತ್ತದೆ. ಅಪರಿಚಿತ ಊರಿನಲ್ಲಿ ಸಾಲ ಹುಟ್ಟಬೇಕಾದರೆ, ಮಾಲು ನಂಬಿ ಕೊಳ್ಳಬೇಕಾದರೆ, ನಮ್ಮ ಹೆಸರು ನಮಗಿಂತ ಮೊದಲು ಅಲ್ಲಿಗೆ ಹೋಗಿರಬೇಕು. ಒಬ್ಬ ಮೋಸ ಮಾಡಿದರೆ ಐನೂರು ಮಂದಿಯ ಹೆಸರು ಕೆಡುತ್ತದೆ, ಹಾಗಾಗಿ ಸಂಘವೇ ಅವನನ್ನು ಹಿಡಿತದಲ್ಲಿಡುತ್ತದೆ. ಇವತ್ತು ಐದು ಚುಕ್ಕಿ ಕೊಡುತ್ತೇವಲ್ಲ, ಆ ಕೆಲಸವನ್ನು ಅಂದು ಸಂಘ ಮಾಡುತ್ತಿತ್ತು.

ಆದರೆ ಇದು ದೊಡ್ಡವರ ಮಾತಾಯಿತು. ಸಣ್ಣವರು?

ಮುದನೂರಿನ ನೇಕಾರ

ಸಣ್ಣವರಿಗಾಗಿ ದೂರ ಹೋಗಬೇಕಿಲ್ಲ, ಸುರಪುರ ಸೀಮೆಯಲ್ಲೇ ಮುದನೂರಿದೆ. ಜೇಡರ ದಾಸಿಮಯ್ಯನ ಊರು, ರಾಮನಾಥನ ಊರು. ಬಸವಣ್ಣನವರಿಗಿಂತ ಹಿಂದಿನವನು ದಾಸಿಮಯ್ಯ. ಅವನ ಕಥೆಯಲ್ಲಿ ಒಂದು ಸಂತೆ ಬರುತ್ತದೆ. ಬಹಳ ಕಾಲ ಕೂತು ನೇಯ್ದ ಬಟ್ಟೆಯನ್ನು ಮಾರಲು ಹೊರಟಾಗ ಶಿವ ಜಂಗಮನ ವೇಷದಲ್ಲಿ ಬಂದು ಅದನ್ನು ಕೇಳಿ ಪಡೆದು, ಕಣ್ಣೆದುರೇ ಹರಿದು ಹಾಕುತ್ತಾನೆ. ದಾಸಿಮಯ್ಯ ಕೋಪಿಸಿಕೊಳ್ಳುವುದಿಲ್ಲ. ಕೊನೆಗೆ ಶಿವ ಮೆಚ್ಚಿ ಎಂದೂ ಬರಿದಾಗದ ತವನಿಧಿ ಕೊಡುತ್ತಾನೆ. ಭಕ್ತರು ಇದರಲ್ಲಿ ಭಕ್ತಿಯನ್ನು ನೋಡುತ್ತಾರೆ, ಸರಿಯೇ. ನನಗೆ ಮಾತ್ರ ಬೇರೆಯದೂ ಕಾಣುತ್ತದೆ. ಒಬ್ಬ ನೇಕಾರನಿಗೆ ಒಂದು ಬಟ್ಟೆ ಹೋಯಿತೆಂದರೆ ಎಷ್ಟು ದಿನದ ಗಂಜಿ ಹೋಯಿತು ಎಂಬುದು ಕಥೆ ಕೇಳುವ ಜನಕ್ಕೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದರಿಂದಲೇ ಕಥೆಗೆ ಬೆಲೆ.

ಇನ್ನೊಂದು ಗಮನಿಸಿ. ಜೇಡರ ದಾಸಿಮಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಹಡಪದ ಅಪ್ಪಣ್ಣ. ಕಸುಬು ಹೆಸರಿನ ಮುಂದೆಯೇ ಕೂತಿದೆ. ರಾಜರ ಶಾಸನದಲ್ಲಿ ಬುಟ್ಟಿ ಹೆಣೆಯುವವನಿಗೆ, ಹಗ್ಗ ಹೊಸೆಯುವವನಿಗೆ ಎಲ್ಲಿ ಜಾಗ? ಇವರ ಮಾತು ಬಾಯಿಂದ ಬಾಯಿಗೆ ದಾಟಿ ಉಳಿಯಿತು. ಕೆಲಸ ಮಾಡುವವನು ತನ್ನ ಹೆಸರಿನಲ್ಲಿ, ತನ್ನ ಕಸುಬಿನ ಮಾತಿನಲ್ಲಿ ತಾನೇ ಮಾತಾಡಿದ್ದು ನಮ್ಮ ನಾಡಿನಲ್ಲಿ ಆಗ. ಬಳೆಗಾರ್ತಿಯ ಸ್ಟೇಟಸ್ಸಿಗೂ ಇದಕ್ಕೂ ಏನು ಸಂಬಂಧ ಅಂತ ನಗಬೇಡಿ. ತನ್ನ ಮಾಲಿನ ಬಗ್ಗೆ ತಾನೇ ಹೇಳುವ ಹಕ್ಕು ಅಷ್ಟು ಸುಲಭಕ್ಕೆ ಯಾರಿಗೂ ಸಿಕ್ಕಿದ್ದಲ್ಲ.

ಸಂತೆ, ಜಾತ್ರೆ, ಹಲಗೆ

ನಮ್ಮ ಅಜ್ಜಂದಿರ ಕಾಲಕ್ಕೆ ಸುದ್ದಿಗೆ ಮೂರು ದಾರಿ. ವಾರಕ್ಕೊಮ್ಮೆ ಸಂತೆ, ವರ್ಷಕ್ಕೊಮ್ಮೆ ಜಾತ್ರೆ, ಬೇಕಾದಾಗ ಡಂಗುರ.

ಸಂತೆಯ ಕ್ರಮವೇ ಚೆಂದ. ಅಕ್ಕಪಕ್ಕದ ಊರುಗಳ ಸಂತೆ ಒಂದೇ ವಾರ ಬರುವುದಿಲ್ಲ. ಸಣ್ಣ ವ್ಯಾಪಾರಿ ಇವತ್ತು ಇಲ್ಲಿ, ನಾಳೆ ಅಲ್ಲಿ ಅಂತ ಸುತ್ತು ಹಾಕುತ್ತಾನೆ. ಅವನ ಜತೆಗೆ ಧಾರಣೆಯೂ ಸುತ್ತುತ್ತದೆ, ಸಂಬಂಧದ ಮಾತೂ ಸುತ್ತುತ್ತದೆ, ಸಾವಿನ ಸುದ್ದಿಯೂ ಸುತ್ತುತ್ತದೆ. ಬಳೆಗಾರ ಅಂದರೆ ತವರಿಗೂ ಗಂಡನ ಮನೆಗೂ ನಡುವಿನ ಅಂಚೆಯವನು ಅನ್ನುವುದು ನಮ್ಮ ಜನಪದದ ಉದ್ದಕ್ಕೂ ಇದೆ.

ಜಾತ್ರೆ ಇನ್ನೂ ದೊಡ್ಡದು. ತಿಂಥಣಿ ಮೌನೇಶ್ವರನನ್ನೇ ನೋಡಿ. ವಿಶ್ವಕರ್ಮರಲ್ಲಿ ಹುಟ್ಟಿದವನು, ಹಿಂದೂಗಳಿಗೂ ಮುಸಲ್ಮಾನರಿಗೂ ಬೇಕಾದವನು. ಇಂಥ ಜಾತ್ರೆಗೆ ಎರಡೂ ಕಡೆಯ ಜನ ಬರುತ್ತಾರೆ ಅಂದರೆ ಎರಡೂ ಕಡೆಯ ಗಿರಾಕಿಗಳು ಬರುತ್ತಾರೆ ಅಂತಲೇ ಅರ್ಥ. ಬೆಂಡು ಬತ್ತಾಸಿನವನಿಗೆ, ಬಳೆಯವಳಿಗೆ, ಕಬ್ಬಿಣದ ಸಾಮಾನಿನವನಿಗೆ ಹೊಳೆಯಾಚೆ ಲಿಂಗಸುಗೂರು ಕಡೆಯ ಜನವೂ ಸಿಗುವುದು ಇಂಥಲ್ಲಿಯೇ. 

ಡಂಗುರದ ಮಾತು ಸ್ವಲ್ಪ ಕಹಿ. ಹಲಗೆ ಬಾರಿಸಿ ಊರಿಗೆಲ್ಲ ಸುದ್ದಿ ಸಾರುವವನ ಧ್ವನಿ ಎಲ್ಲರ ಮನೆಯೊಳಗೂ ಹೋಗುತ್ತಿತ್ತು, ಅವನು ಹೋಗುವ ಹಾಗಿರಲಿಲ್ಲ. ಸಾರುವ ಮಾತು ಗೌಡರದ್ದು, ಕುಲಕರ್ಣಿಯದ್ದು. ಅವನಿಗೆ ಮಾರಲು ಏನಾದರೂ ಇದ್ದಿದ್ದರೆ ಅದನ್ನು ಸಾರುವ ಅಧಿಕಾರ ಅವನಿಗಿರಲಿಲ್ಲ. ಮಾಧ್ಯಮ ಕೈಯಲ್ಲಿರುವುದು ಬೇರೆ, ಮಾತು ತನ್ನದಾಗಿರುವುದು ಬೇರೆ. ಹಳೆಯದೆಲ್ಲ ಬಂಗಾರ ಅನ್ನುವವರು ಇದನ್ನು ಮರೆಯಬಾರದು.

ಒಬ್ಬನೇ ಗಿರಾಕಿ

ಸುರಪುರದ ಕಥೆ ನಿಮಗೆ ಗೊತ್ತಿರಬಹುದು. ಬೇಡ ನಾಯಕರ ಸಂಸ್ಥಾನ. ರಾಜ ವೆಂಕಟಪ್ಪ ನಾಯಕ ಬಾಲಕನಾಗಿದ್ದಾಗ 1840ರ ದಶಕದಿಂದ 1853ರ ತನಕ ಆಡಳಿತ ನೋಡಿಕೊಂಡವನು ಮೆಡೋಸ್ ಟೇಲರ್. ಅವನಿದ್ದ ಬಂಗಲೆ ಟೇಲರ್ ಮಂಜಿಲ್ ಇವತ್ತಿಗೂ ಗುಡ್ಡದ ಮೇಲಿದೆ. 1858ರಲ್ಲಿ ಬ್ರಿಟಿಷರ ವಿರುದ್ಧ ನಿಂತ ಯುವ ರಾಜ ಸೆರೆಯಾಗಿ, ಅದೇ ವರ್ಷ ಗುಂಡೇಟಿನಿಂದ ಸತ್ತ. ಸಂಸ್ಥಾನ ಹೋಯಿತು. 1860ರ ಒಪ್ಪಂದದಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮನಿಗೆ ಕೊಟ್ಟರು.

ಇತಿಹಾಸದ ಪುಸ್ತಕ ಇಲ್ಲಿಗೆ ಅಧ್ಯಾಯ ಮುಗಿಸುತ್ತದೆ. ಆದರೆ ಸುರಪುರದಲ್ಲಿ ಚಿತ್ರಗಾರರಿದ್ದರು. ಗರುಡಾದ್ರಿ ಮನೆತನದವರ ಹೆಸರು ಕೇಳಿರುತ್ತೀರಿ. ಬಂಗಾರದ ಬಣ್ಣ ಬಳಸಿ, ಕೂದಲೆಳೆಯ ಗೆರೆ ಎಳೆದು ದೇವರನ್ನು, ರಾಜರನ್ನು ಬರೆಯುತ್ತಿದ್ದವರು. ಸುರಪುರ ಶೈಲಿ ಅಂತಲೇ ಅದಕ್ಕೆ ಹೆಸರು. ಇವರ ಕೈಚಳಕ 1858ರಲ್ಲಿ ಒಂದು ಕೂದಲಿನಷ್ಟೂ ಕಡಿಮೆಯಾಗಲಿಲ್ಲ. ಕಡಿಮೆಯಾದದ್ದು ಅರಮನೆ. ಚಿತ್ರ ಕೊಳ್ಳುವವನು, ಇನ್ನೊಬ್ಬರಿಗೆ ಹೇಳುವವನು, ಬಂಗಾರ ಒದಗಿಸುವವನು ಎಲ್ಲವೂ ಆ ಅರಮನೆಯೇ ಆಗಿತ್ತು. ಅದು ಹೋದ ಮೇಲೆ ಕಲೆ ನಿಧಾನಕ್ಕೆ ಸೊರಗಿತು. ಎಷ್ಟೋ ಕಾಲದ ಮೇಲೆ ಕಲಬುರಗಿ ಸೀಮೆಯ ಕಲಾವಿದರು ಮತ್ತೆ ಅದನ್ನು ಕೈಗೆತ್ತಿಕೊಂಡರು.

ಈ ಮಾತು ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಬರುತ್ತೇನೆ.

ಧಾರಣೆ ಯಾರಿಗೆ ಗೊತ್ತು?

1871ರಲ್ಲಿ ಮುಂಬಯಿ ಕಡೆಯ ರೈಲು ಮದರಾಸು ಕಡೆಯ ರೈಲಿಗೆ ರಾಯಚೂರಿನಲ್ಲಿ ಸೇರಿತು. ಯಾದಗಿರಿ ಆ ದಾರಿಯ ಮೇಲಿದೆ. ಹತ್ತಿ, ಎಣ್ಣೆಕಾಳು ಬಂಡಿಯಲ್ಲಿ ಯಾದಗಿರಿಗೆ, ಅಲ್ಲಿಂದ ರೈಲಿಗೆ. ಮುಂಬಯಿಯ ಧಾರಣೆ ತಂತಿಯಲ್ಲಿ ಅಡತಿ ಅಂಗಡಿಗೆ ಬರುತ್ತಿತ್ತು. ಬಂಡಿ ಹೊಡೆದುಕೊಂಡು ಬಂದ ರೈತನಿಗೆ ಬರುತ್ತಿರಲಿಲ್ಲ. ಬಂದ ಮೇಲೆ ವಾಪಸು ಹೊಡೆದುಕೊಂಡು ಹೋಗಲಾಗುತ್ತದೆಯೇ? ಹೇಳಿದ ಬೆಲೆಗೆ ಸುರಿದು ಹೋಗುತ್ತಿದ್ದ. ಮೇಲಾಗಿ ಸರಕಾರದ ಭಾಷೆ ಉರ್ದು, ಜನರದ್ದು ಕನ್ನಡ. ಸರಕಾರದ ನಾಣ್ಯ ಹಾಲಿ ಸಿಕ್ಕಾ, ಹೊಳೆಯಾಚೆಯ ಬ್ರಿಟಿಷ್ ಸೀಮೆಯದು ಕಲದಾರ. ಏಳು ಹಾಲಿ ರೂಪಾಯಿಗೆ ಆರು ಕಲದಾರ ರೂಪಾಯಿಯ ಲೆಕ್ಕ. ಪ್ರತಿ ತಿರುವಿನಲ್ಲೂ ತಿಳಿದವನೊಬ್ಬ ಕೂತಿರುತ್ತಿದ್ದ, ಅವನ ಪಾಲು ಅವನಿಗೆ.

ಮಾಹಿತಿ ಸಿಕ್ಕರೆ ನಿಜಕ್ಕೂ ಎಷ್ಟು ಲಾಭ? ಇದಕ್ಕೆ ನಮ್ಮ ಕಾಸರಗೋಡಿನ ಕಡಲಿನಿಂದ ಒಂದು ಉತ್ತರ ಸಿಕ್ಕಿದೆ. ರಾಬರ್ಟ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞ ಕಾಸರಗೋಡು, ಕಣ್ಣೂರು, ಕೋಝಿಕ್ಕೋಡು ಕರಾವಳಿಯ ಬೂತಾಯಿ ಮೀನುಗಾರರನ್ನು 1997ರಿಂದ 2001ರವರೆಗೆ ಗಮನಿಸಿದ. ಆಗಷ್ಟೇ ಅಲ್ಲಿಗೆ ಮೊಬೈಲು ಬರುತ್ತಿದ್ದ ಕಾಲ. ಅದಕ್ಕೆ ಮೊದಲು ಒಂದು ದಡದಲ್ಲಿ ಕೊಳ್ಳುವವರಿಲ್ಲದೆ ಮೀನು ಕಡಲಿಗೆ ಚೆಲ್ಲುತ್ತಿದ್ದರು, ಅದೇ ಹೊತ್ತಿಗೆ ಇನ್ನೊಂದು ದಡದಲ್ಲಿ ಮೀನಿಲ್ಲದೆ ಗಿರಾಕಿ ವಾಪಸಾಗುತ್ತಿದ್ದ. ಮೊಬೈಲು ಬಂದ ಮೇಲೆ ದೋಣಿಯಿಂದಲೇ ಕೇಳಿ, ಬೆಲೆ ಇರುವ ದಡಕ್ಕೆ ತಿರುಗತೊಡಗಿದರು. 2007ರಲ್ಲಿ ಪ್ರಕಟವಾದ ಅವನ ಲೆಕ್ಕದ ಪ್ರಕಾರ ಮೀನು ಚೆಲ್ಲುವುದು ಹೆಚ್ಚುಕಡಿಮೆ ನಿಂತೇ ಹೋಯಿತು, ಮೀನುಗಾರರ ಲಾಭ ಶೇ. 8ರಷ್ಟು ಏರಿತು, ಕೊಳ್ಳುವವರ ಬೆಲೆ ಶೇ. 4ರಷ್ಟು ಇಳಿಯಿತು. ಇಬ್ಬರಿಗೂ ಲಾಭ! ಇನ್ನೂ ವಾಟ್ಸಾಪ್ ಹುಟ್ಟಿರಲಿಲ್ಲ, ಬರೀ ಮಾತಿನ ಫೋನು ಅದು.

ರೊಟ್ಟಿಯೂ ಬಾಳೆಕಾಯಿಯೂ

ಯಾದಗಿರಿ ಜಿಲ್ಲೆಯ ಸಾಕ್ಷರತೆ 2011ರ ಜನಗಣತಿಯಲ್ಲಿ ಶೇ. 52ರ ಆಸುಪಾಸು. ರಾಜ್ಯದಲ್ಲೇ ಕಡಿಮೆ. ಅಕ್ಷರ ಬೇಡುವ ಮಾಧ್ಯಮಗಳೆಲ್ಲ ಇಲ್ಲಿಯ ಅರ್ಧ ಜನರನ್ನು ಹೊರಗಿಟ್ಟೇ ನಡೆದವು. ಪತ್ರಿಕೆ ಹೊರಗಿಟ್ಟಿತು. ನಮ್ಮ ಬರಹ, ನುಡಿ, ಯೂನಿಕೋಡ್ ಸಂಭ್ರಮವೂ ಹೊರಗಿಟ್ಟಿತು, ಒಪ್ಪಿಕೊಳ್ಳೋಣ. 2013ರಲ್ಲಿ ವಾಟ್ಸಾಪಿಗೆ ಧ್ವನಿ ಸಂದೇಶ ಬಂತು, 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು, 2017ರಲ್ಲಿ ಫೋಟೋ ಹಾಕುವ ಸ್ಟೇಟಸ್ ಬಂತು. ಯುಪಿಐ ಬಂದು, ಹಣ ಜಮೆಯಾದದ್ದನ್ನು ಕೂಗಿ ಹೇಳುವ ಡಬ್ಬಿಯೂ ಬಂತು. ಬಳೆಗಾರ್ತಿಗೆ ಬಾಗಿಲು ತೆರೆದದ್ದು ಇವೆಲ್ಲ ಒಟ್ಟು ಸೇರಿದಾಗ.

ಎರಡು ನಿದರ್ಶನ ಹೇಳುತ್ತೇನೆ. 2021ರ ಲಾಕ್‌ಡೌನ್ ದಿನಗಳಲ್ಲಿ ಬಾಳೆಕಾಯಿ ಕೇಳುವವರಿಲ್ಲದೆ ತೋಟದಲ್ಲೇ ಹಣ್ಣಾಗಿ ಕೊಳೆಯುತ್ತಿತ್ತು. ಆಗ ಪುತ್ತೂರಿನ ಅಡಿಕೆ ಪತ್ರಿಕೆಯ ಶ್ರೀಪಡ್ರೆಯವರು ಮತ್ತು ವಾಟ್ಸಾಪ್ ಗುಂಪೊಂದರ ಗೆಳೆಯರು ಬಾಳೆಕಾಯಿ ಹುಡಿ ಮಾಡುವ ವಿಚಾರ ಹರಡಿದರು. ಬಾಕಾಹು ಅಂತ ಅದಕ್ಕೆ ಚಿಕ್ಕ ಹೆಸರು. ತುಮಕೂರು ಕಡೆಯ ಗೃಹಿಣಿಯೊಬ್ಬರು ಮಾಡಿ ತೋರಿಸಿದರು. ಅವರನ್ನು ನೋಡಿ ಉತ್ತರ ಕನ್ನಡ, ದಕ್ಷಿಣ ಕನ್ನಡದ ಮನೆಮನೆಗಳಲ್ಲಿ ಹುಡಿ, ದೋಸೆ, ಗುಲಾಬ್ ಜಾಮೂನು... ಫೋಟೋಗಳು ಊರೆಲ್ಲ ಓಡಾಡಿದವು, ಫೋಟೋ ನೋಡಿ ಹುಡಿ ಕೇಳುವವರು ಹುಟ್ಟಿಕೊಂಡರು. ಆ ಜುಲೈ 25ರಂದು ಪ್ರಧಾನಿಯವರ ಮನ್ ಕಿ ಬಾತ್‌ನಲ್ಲೂ ಇದರ ಪ್ರಸ್ತಾಪ ಬಂತು. ಕಂಪನಿಯಿಲ್ಲ, ಜಾಹೀರಾತಿನ ಖರ್ಚಿಲ್ಲ.

ಇನ್ನೊಂದು ನಮ್ಮದೇ ಕಡೆಯದು. ಜೋಳದ ರೊಟ್ಟಿ. ಕಲಬುರಗಿ ಜಿಲ್ಲಾಡಳಿತದ ಬೆಂಬಲದಿಂದ ಹೆಣ್ಣುಮಕ್ಕಳ ಸ್ವಸಹಾಯ ಗುಂಪುಗಳು ಸೇರಿ 'ಕಲಬುರಗಿ ರೊಟ್ಟಿ' ಅಂತ ಒಂದೇ ಹೆಸರಿನಲ್ಲಿ ಮಾರತೊಡಗಿದವು. ದಿನಕ್ಕೆ 3,000ಕ್ಕೂ ಹೆಚ್ಚು ರೊಟ್ಟಿ, ಬೆಂಗಳೂರಿನಲ್ಲೊಂದು ಮಳಿಗೆ, ಆನ್‌ಲೈನ್ ಆರ್ಡರ್ ಎಂದು 2025ರ ಜೂನ್ 29ರ ಮನ್ ಕಿ ಬಾತ್‌ನಲ್ಲಿ ಪ್ರಧಾನಿ ಹೇಳಿದರು. ಕಟಕಟಿ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ, ದೂರ ಕಳಿಸಲು ಹೇಳಿ ಮಾಡಿಸಿದ್ದು. ನನಗೆ ಇಷ್ಟವಾದದ್ದು ಒಂದೇ ಹೆಸರು ಅನ್ನುವ ಮಾತು. ಐನೂರ್ವರ ಉಪಾಯವೇ ಅಲ್ಲವೇ ಅದು? ಒಬ್ಬೊಬ್ಬಳೇ ರೊಟ್ಟಿ ಮಾರಿದರೆ ಅಪರಿಚಿತ ಗಿರಾಕಿ ನಂಬುವುದು ಕಷ್ಟ. ಗುಂಪಿನ ಹೆಸರಿದ್ದರೆ ನಂಬುತ್ತಾನೆ, ಆ ಹೆಸರು ಕೆಡಬಾರದೆಂದು ಪ್ರತಿಯೊಬ್ಬಳೂ ರೊಟ್ಟಿ ಚೆನ್ನಾಗಿಯೇ ಬಡಿಯುತ್ತಾಳೆ.

ಅದೇ ಗುಂಪು, ಅದೇ ಬೆರಳು

ಇಷ್ಟು ಹೇಳಿ ಮುಗಿಸಿದರೆ ಅರ್ಧ ಸುಳ್ಳು ಹೇಳಿದ ಹಾಗೆ. 2018ರ ಜುಲೈ 13. ಬೀದರ ಜಿಲ್ಲೆಯ ಔರಾದ ತಾಲೂಕಿನ ಮುರ್ಕಿ. ಮಕ್ಕಳಿಗೆ ಚಾಕಲೇಟು ಕೊಟ್ಟರು ಅನ್ನುವುದೇ ಕಾರಣವಾಗಿ, ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ಸುಳ್ಳು ವಾಟ್ಸಾಪಿನಲ್ಲಿ ಹಬ್ಬಿ, ಹೈದರಾಬಾದಿನ ತರುಣ ಎಂಜಿನಿಯರೊಬ್ಬನನ್ನು ಜನ ಹೊಡೆದು ಕೊಂದರು. ಅದೇ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದ ಕೂಲಿಯವನೊಬ್ಬ ಹೀಗೆಯೇ ಸತ್ತಿದ್ದ. ಆಮೇಲೆ ವಾಟ್ಸಾಪಿನವರು ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಕಳಿಸದಂತೆ ಮಿತಿ ಹಾಕಿದರು.

ಈ ಮಾತು ತೆಗೆದಾಗ ಕಕ್ಕೇರಾದ ಬಳೆಗಾರ್ತಿ ಸುಮ್ಮನಾದಳು. ಆಮೇಲೆ ಹೇಳಿದಳು. ಆ ವರ್ಷವೇ ಅತ್ತೆ ತಿರುಗುವುದು ಬಿಟ್ಟದ್ದಂತೆ. ಗುರುತಿಲ್ಲದ ಊರಲ್ಲಿ ಮುದುಕಿ ಚೀಲ ಹೊತ್ತು ಹೋದರೆ ಹುಡುಗರು ತಡೆದು ಕೇಳತೊಡಗಿದ್ದರಂತೆ. ನಲವತ್ತು ವರ್ಷ ನಡೆದ ದಾರಿ. "ಮಂದಿ ನೋಡೋ ನೋಟಾನೇ ಬದಲಾತ್ರಿ" ಅಂದಳು.

ಊರೂರು ತಿರುಗುವ ವ್ಯಾಪಾರ ನಿಂತಿರುವುದು ಅಪರಿಚಿತನನ್ನು ಜಗುಲಿಗೆ ಕರೆದು ಕೂರಿಸಿ ನೀರು ಕೊಡುವ ಪದ್ಧತಿಯ ಮೇಲೆ. ಅತ್ತೆಯ ದಾರಿ ಮುಚ್ಚಿದ ಯಂತ್ರವೇ ಸೊಸೆಗೆ ದಾರಿ ತೆರೆಯಿತು. ಇದನ್ನು ಲಾಭದ ಕಡೆ ಬರೆಯಲೋ, ನಷ್ಟದ ಕಡೆ ಬರೆಯಲೋ ನನಗಂತೂ ತಿಳಿಯಲಿಲ್ಲ. ಎರಡೂ ಕಡೆ ಬರೆಯಬೇಕೇನೋ.

ಮತ್ತೆ ಸುರಪುರಕ್ಕೆ

ಚಿತ್ರಗಾರರನ್ನು ನೆನಪಿಟ್ಟುಕೊಳ್ಳಿ ಅಂದಿದ್ದೆ. ನಮ್ಮಲ್ಲಿ ಹಲವರು ಆರ್ಕುಟ್‌ನಲ್ಲಿ ಕನ್ನಡದ ಗುಂಪು ಕಟ್ಟಿ ಕುಣಿದವರು. 2014ರ ಸೆಪ್ಟೆಂಬರ್ 30ಕ್ಕೆ ಅದು ಮುಚ್ಚಿತು. ನಮಗೆ ಹೋದದ್ದು ಹರಟೆ. 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾದಾಗ ಅದರಲ್ಲೇ ಗಿರಾಕಿಗಳನ್ನು ಗಳಿಸಿದ್ದವರಿಗೆ ಹೋದದ್ದು ಅನ್ನ. 2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಮೂರೂ ಸುಮಾರು ಆರು ಗಂಟೆ ಸತ್ತು ಬಿದ್ದವು. ಮೂರಕ್ಕೂ ಒಬ್ಬನೇ ಒಡೆಯ ಅನ್ನುವುದು ಎಷ್ಟೋ ಅಂಗಡಿಯವರಿಗೆ ತಿಳಿದದ್ದೇ ಆವತ್ತು.

ಅರಮನೆ ಒಂದೇ ಗಿರಾಕಿಯಾಗಿತ್ತು, ಹಾಗಾಗಿ ಅದರ ಜತೆಗೇ ಕಲೆ ಬಿತ್ತು. ಈಗ ಗಿರಾಕಿಗಳು ಸಾವಿರ, ಆದರೆ ಅವರ ಹತ್ತಿರ ಹೋಗುವ ಬಾಗಿಲು ಒಂದೇ. ಬಾಗಿಲು ಕಾಯುವವನು ಕಕ್ಕೇರಾದ ಹೆಸರನ್ನೂ ಕೇಳಿಲ್ಲ. ಮೆಡೋಸ್ ಟೇಲರನಾದರೂ ಊರಿಗೆ ಬಂದು ಮನೆ ಕಟ್ಟಿಕೊಂಡಿದ್ದ!

ಹಾಗಾದರೆ ಬೇಡವೇ? ಖಂಡಿತ ಬೇಕು. ಬಳೆಗಾರ್ತಿಯ ಫೋನು ಕಸಿದು ಅತ್ತೆಯ ಮಲಾರ ಮತ್ತೆ ಹೊರಿಸುವಷ್ಟು ಕಲ್ಲು ಮನಸ್ಸು ನನಗಿಲ್ಲ. ಇತಿಹಾಸದಿಂದ ನನಗೆ ತಿಳಿದದ್ದು ಇಷ್ಟೇ. ಉಳಿದುಕೊಂಡ ವ್ಯಾಪಾರಿಗಳು ಒಂದು ಬಾಗಿಲನ್ನು ನಂಬಿ ಕೂತವರಲ್ಲ. ಸಂತೆಯವನು ಒಂದು ಊರಿನ ಸಂತೆ ಕೆಟ್ಟರೆ ಇನ್ನೊಂದಕ್ಕೆ ಹೋಗುತ್ತಿದ್ದ. ಐನೂರ್ವರಿಗೆ ರಾಜ್ಯಗಳು ಬಿದ್ದರೂ ಸಂಘವಿತ್ತು.

ಹೊರಡುವ ಮೊದಲು ಬಳೆಗಾರ್ತಿಯನ್ನು ಕೇಳಿದೆ, ನಾಳೆ ಈ ವಾಟ್ಸಾಪ್ ಬಂದ್ ಆದರೆ ಏನು ಮಾಡುತ್ತೀ ಅಂತ. ಒಳಗೆ ಹೋಗಿ ಒಂದು ನೂರು ಪುಟದ ನೋಟುಬುಕ್ಕು ತಂದು ತೋರಿಸಿದಳು. ಮಗಳ ಕೈಯಲ್ಲಿ ಬರೆಸಿದ್ದು. ಪ್ರತಿ ಗಿರಾಕಿಯ ಹೆಸರು, ಫೋನ್ ನಂಬರು, ಬೆಂಗಳೂರಿನಲ್ಲಿ ಇರುವ ಜಾಗ, ಕೈಯ ಅಳತೆ.

"ಸೋಮನಾಥನ ಜಾತ್ರಿಗೆ ಎಲ್ಲಾರೂ ಬರ್ತಾರ್ರಿ. ಅವತ್ತು ಫೋನ್ ಯಾಕ ಬೇಕು?" ಅಂದಳು.

ನಾನೂ ಒಂದು ಡಜನ್ ಹಸಿರು ಬಳೆ ತಂದಿದ್ದೇನೆ. ಮನೆಯವಳಿಗೆ ಅಳತೆ ಸರಿಯಾಗಲಿಲ್ಲ, ಅದು ಬೇರೆ ಕಥೆ :)

ನಿಮ್ಮೂರ ಸಂತೆಯಲ್ಲಿ ಏನಾಗುತ್ತಿದೆ? ಹಳಬರನ್ನು ಕೇಳಿ, ಬರೆದಿಡಿ. ಇಂಥವನ್ನು ಯಾರೂ ಕಲ್ಲಿನ ಮೇಲೆ ಕೆತ್ತಿಡುವುದಿಲ್ಲ.